ಐದು ಮುಗಿಸಿ ಬಂದರೆ ನಮ್ಮವ, ಆರು ಮುಗಿಸಿ ಬಂದರೆ ಪರದೇಶಿ!

ವಿಜಯಪುರ ಬಸ್ ನಿಲ್ದಾಣದ ಸುತ್ತಮುತ್ತಲಿನ ಝೆರಾಕ್ಸ್ ಅಂಗಡಿಯವರಿಗೆ ವರ್ಷಕ್ಕೆ ಎರಡು ಜಾತ್ರೆ. ಒಂದು ಸಂಕ್ರಮಣದ ಸಿದ್ಧೇಶ್ವರ ಜಾತ್ರೆ. ಇನ್ನೊಂದು ಸಿಇಟಿ ಜಾತ್ರೆ. ಮೊದಲನೆಯದಕ್ಕೆ ಜನ ತೆಂಗಿನಕಾಯಿ ಹಿಡಿದು ಬರುತ್ತಾರೆ. ಎರಡನೆಯದಕ್ಕೆ ಪ್ಲಾಸ್ಟಿಕ್ ಚೀಲದ ತುಂಬ ಕಾಗದ ಹಿಡಿದು ಬರುತ್ತಾರೆ. ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು, ಆಧಾರ್ ಕಾರ್ಡು. ಇಷ್ಟೆಲ್ಲ ಇದ್ದರೂ ಕೆಲವರಿಗೆ ಅಂಗಡಿಯವನೇ ಕೇಳುವ ಒಂದು ಪ್ರಶ್ನೆಗೆ ಬಾಯಿ ಕಟ್ಟುತ್ತದೆ.

"ಏಳು ವರ್ಷದ್ದು ಐತೇನ್ರಿ?"

ಏಳು ವರ್ಷದ್ದು ಅಂದರೆ ವ್ಯಾಸಂಗ ಪ್ರಮಾಣಪತ್ರ. ಮಗ ಅಥವಾ ಮಗಳು ಕರ್ನಾಟಕದ ಶಾಲೆಗಳಲ್ಲಿ ಏಳು ವರ್ಷ ಓದಿದ್ದಾರೆ ಎಂದು ಹೆಡ್‌ಮಾಸ್ತರರು ಬರೆದುಕೊಟ್ಟು, ಬಿಇಓ ಸಾಹೇಬರು ಮೇಲುಸಹಿ ಮಾಡಿದ ಕಾಗದ. ಆ ಕಾಗದ ಇದ್ದವರು ಕನ್ನಡನಾಡಿನ ವಿದ್ಯಾರ್ಥಿಗಳು. ಇಲ್ಲದವರು, ಬೇರೆ ಯಾವುದಾದರೂ ಕಲಮಿನಲ್ಲಿ ನುಸುಳಲು ಆಗದಿದ್ದರೆ, ಹೊರಗಿನವರು. ಗೋಳಗುಮ್ಮಟದ ನೆರಳಲ್ಲೇ ಹುಟ್ಟಿದ್ದರೂ ಹೊರಗಿನವರು!

ಗುಳೆ ಹೋದವರ ಲೆಕ್ಕ

ಒಂದು ಮನೆಯ ಉದಾಹರಣೆ ತಗೊಳ್ಳೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಯಾವ ಹಳ್ಳಿ, ಯಾವ ತಾಂಡಾಕ್ಕೆ ಹೋದರೂ ಇಂಥ ಮನೆ ಸಿಗುತ್ತದೆ. ಮಳೆ ಕೈಕೊಟ್ಟಿತು, ಸಾಲ ಬೆಳೆಯಿತು, ಗಂಡ ಹೆಂಡತಿ ಗೋವಾ ಬಸ್ಸು ಹತ್ತಿದರು. ಗಂಡ ಗೌಂಡಿ ಕೈಕೆಳಗೆ, ಹೆಂಡತಿ ಕಲ್ಲು ಮಣ್ಣು ಹೊರಲು. ಕೂಸು ಅಲ್ಲೇ ಒಂದನೆತ್ತೆ ಸೇರಿತು. ಒಂದು, ಎರಡು, ಮೂರು ಎನ್ನುತ್ತ ಆರನೆತ್ತೆ ಮುಗಿಯಿತು. ಊರಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಎಲ್ಲರೂ ವಾಪಸ್ ಬಂದರು. ಹುಡುಗ ಏಳನೆತ್ತೆಗೆ ಊರ ಶಾಲೆ ಸೇರಿದ. ಚುರುಕು ಹುಡುಗ. ಎಸ್ಸೆಸ್ಸೆಲ್ಸಿ ಇಲ್ಲೇ ಪಾಸು, ಪಿಯುಸಿ ಇಲ್ಲೇ ಪಾಸು.

ಈಗ ಬೆರಳು ಮಡಚಿ ಎಣಿಸಿ. ಏಳು, ಎಂಟು, ಒಂಬತ್ತು, ಹತ್ತು, ಫಸ್ಟ್ ಪಿಯುಸಿ, ಸೆಕೆಂಡ್ ಪಿಯುಸಿ. ಒಟ್ಟು ಆರು. ಬೇಕಾದ್ದು ಏಳು.

ಅದೇ ಹುಡುಗ ಒಂದು ವರ್ಷ ಮುಂಚೆ, ಐದು ಮುಗಿಸಿ ಆರನೆತ್ತೆಗೆ ಬಂದು ಸೇರಿದ್ದರೆ? ಆರರಿಂದ ಸೆಕೆಂಡ್ ಪಿಯುಸಿವರೆಗೆ ಏಳು. ತಕರಾರೇ ಇಲ್ಲ. ಅಜ್ಜಿ ಒಂದು ವರ್ಷ ಮುಂಚೆ ಹಾಸಿಗೆ ಹಿಡಿಯಬೇಕಿತ್ತು ಅಷ್ಟೆ!

ನಗಬೇಡಿ. ಈ ಒಂದು ವರ್ಷದ ಬೆಲೆ ಸಣ್ಣದಲ್ಲ. ಇಂಜಿನಿಯರಿಂಗ್, ಮೆಡಿಕಲ್, ಕೃಷಿ, ಫಾರ್ಮಸಿ ಹೀಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವ ಸರ್ಕಾರಿ ಕೋಟಾ ಸೀಟುಗಳೆಲ್ಲ ಈ ಬಾಗಿಲಿನ ಒಳಗಿವೆ. ಬಾಗಿಲ ಒಳಗೆ ಹೋದ ಮೇಲೆಯೇ ಪರಿಶಿಷ್ಟ ಜಾತಿ, ಹಿಂದುಳಿದ ವರ್ಗದ ಮೀಸಲಾತಿ. ಒಳಗೆ ಹೋದ ಮೇಲೆಯೇ 15 ಶೇಕಡಾ ಗ್ರಾಮೀಣ ಕೋಟಾ, 5 ಶೇಕಡಾ ಕನ್ನಡ ಮಾಧ್ಯಮ ಕೋಟಾ. ಹೊರಗೆ ನಿಂತವನಿಗೆ ಮ್ಯಾನೇಜ್‌ಮೆಂಟ್ ಸೀಟಿನ ರೇಟು ಹೇಳುತ್ತಾರೆ. ಗೌಂಡಿ ಕೈಕೆಳಗೆ ದುಡಿಯುವವ ಆ ರೇಟು ಕೇಳಿ ಚಹಾ ಸಹ ಕುಡಿಯದೆ ಎದ್ದು ಬರುತ್ತಾನೆ.

ಎರಡನೇ ಕಿಂಡಿ ಯಾರಿಗೆ?

ನಿಯಮ ಮಾಡಿದವರು ಕಟುಕರಲ್ಲ. ಸರ್ಕಾರಿ ಸೀಟುಗಳ ಆಯ್ಕೆಗೆ 2006ರ ನಿಯಮಾವಳಿ ಇದೆ. ಅದರಲ್ಲಿ ಏಳು ವರ್ಷದ ಕಲಮಿನ ಪಕ್ಕದಲ್ಲೇ ಇನ್ನೊಂದು ಕಿಂಡಿ ಬಿಟ್ಟಿದ್ದಾರೆ. ಹುಡುಗ ಫಸ್ಟ್ ಮತ್ತು ಸೆಕೆಂಡ್ ಪಿಯುಸಿ ಎರಡನ್ನೂ ಕರ್ನಾಟಕದಲ್ಲಿ ಓದಿ ಪಾಸಾಗಿರಬೇಕು. ಜೊತೆಗೆ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು, ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಹಾಗಿದ್ದರೆ ಸಾಕು, ಸೀಟಿಗೆ ಅರ್ಹ.

ಒಳ್ಳೆಯ ಕಿಂಡಿಯೇ. ಮುಂಬೈಯಲ್ಲಿ ಬ್ಯಾಂಕಿನಲ್ಲಿದ್ದವರು, ಪುಣೆಯಲ್ಲಿ ಕಂಪನಿಯಲ್ಲಿದ್ದವರು ಮಕ್ಕಳನ್ನು ಪಿಯುಸಿಗೆ ತಂದು ಇಲ್ಲಿ ಸೇರಿಸುತ್ತಾರೆ. ಅಪ್ಪ ಇಲ್ಲಿನ ಹೈಸ್ಕೂಲು, ಕಾಲೇಜು ಮುಗಿಸಿದವನೇ. ಹಳೇ ಶಾಲೆಗೆ ಹೋಗಿ ಸರ್ಟಿಫಿಕೇಟು ಬರೆಸಿಕೊಂಡು ಬಂದರೆ ಮುಗಿಯಿತು. ಎರಡು ವರ್ಷ ಇಲ್ಲಿ ಓದಿದ ಹುಡುಗ ಒಳಗೆ.

ಆದರೆ ನಮ್ಮ ಗೌಂಡಿ ಮನೆಯ ಹುಡುಗ? ಅವನು ಇಲ್ಲಿ ಓದಿದ್ದು ಎರಡಲ್ಲ, ಆರು ವರ್ಷ. ಅಪ್ಪ ಓದಿದ್ದು ನಾಲ್ಕನೆತ್ತೆ. ಅವ್ವ ಶಾಲೆಯ ಕಟ್ಟೆ ಹತ್ತಿದವಳೇ ಅಲ್ಲ. ಆ ಕಾಲಕ್ಕೆ ಹೊಲ, ದನ, ತಮ್ಮ ತಂಗಿಯರ ತೊಟ್ಟಿಲು ಇವೇ ಅವಳ ಶಾಲೆ. ಕಿಂಡಿ ಮುಚ್ಚಿತು.

"ನಾವ್ ಈ ಊರಾವ್ರಲ್ಲೇನ್ರಿ? ನಮ್ಮಪ್ಪ, ನಮ್ಮಜ್ಜ ಇಲ್ಲೇ ಮಣ್ಣಾದ್ರು. ಓಟು ಹಾಕಾಕ್ ಇಲ್ಲಿಗೇ ಬರ್ತೀವಿ" ಎಂದು ಇಂಥ ಅಪ್ಪ ಕೇಳಿದರೆ ಕೌಂಟರಿನ ಗುಮಾಸ್ತ ಏನು ಹೇಳಬೇಕು? ಅವನ ಮುಂದಿರುವ ಅರ್ಜಿಯಲ್ಲಿ ಅಜ್ಜನ ಸಮಾಧಿಗೆ ಖಾನೆ ಇಲ್ಲ.

ಅಂದರೆ ಓದಿದ ಅಪ್ಪನ ಮಗನಿಗೆ ಎರಡು ವರ್ಷ ಸಾಕು. ಓದದ ಅಪ್ಪನ ಮಗನಿಗೆ ಆರು ವರ್ಷವೂ ಸಾಲದು. ಶಾಲೆ ಸಿಗದೆ ಹೋದದ್ದು ಅಪ್ಪನ ತಪ್ಪೇ? ಊರಲ್ಲಿ ಕೆಲಸ ಸಿಗದೆ ಹೋದದ್ದು ಅವನ ತಪ್ಪೇ? ಸರ್ಕಾರ ಎರಡು ಸಾರಿ ಅವನಿಗೆ ಬಾಕಿ ಉಳಿಸಿಕೊಂಡಿದೆ. ಬಾಕಿ ಉಳಿಸಿಕೊಂಡವರೇ ಈಗ ಲೆಕ್ಕ ಕೇಳುತ್ತಿದ್ದಾರೆ. ಕಿರಾಣಿ ಅಂಗಡಿಯವರು ಯಾರಾದರೂ ಇಂಥ ಉದ್ರಿ ಪುಸ್ತಕ ನೋಡಿದ್ದಾರೆಯೇ?

ಸಾಹೇಬರ ಮಕ್ಕಳಿಗೆ ಬೇರೆ ದಾರಿ

ಕೆಲಸಕ್ಕಾಗಿ ಊರು ಬಿಟ್ಟವರ ಮಕ್ಕಳಿಗೆ ರಿಯಾಯಿತಿ ಕೊಡಬಾರದು ಎಂಬ ತತ್ವವೇನೂ ನಿಯಮದಲ್ಲಿಲ್ಲ. ರಿಯಾಯಿತಿ ಇದೆ. ಸೈನ್ಯದಲ್ಲಿರುವ ಕನ್ನಡಿಗರ ಮಕ್ಕಳಿಗಿದೆ, ಅದು ಇರಲೇಬೇಕು. ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಷರತ್ತಿನ ಮೇಲಿದೆ. ಕರ್ನಾಟಕ ಕೇಡರಿನ ಅಖಿಲ ಭಾರತ ಸೇವೆಯ ಅಧಿಕಾರಿಗಳ ಮಕ್ಕಳಿಗಿದೆ. ಇಲ್ಲಿಂದ ಆರಿಸಿಹೋದ ಪಾರ್ಲಿಮೆಂಟ್ ಸದಸ್ಯರ ಮಕ್ಕಳಿಗೂ ಇದೆ. ಇವರೆಲ್ಲ ನೌಕರಿ, ಅಧಿಕಾರಕ್ಕಾಗಿ ಊರು ಬಿಟ್ಟವರು. ಹೊಟ್ಟೆಗಾಗಿ ಊರು ಬಿಟ್ಟವನಿಗೆ ಮಾತ್ರ ಕಲಮಿಲ್ಲ.

ಇದು ನಮ್ಮ ರಾಜ್ಯದ್ದೊಂದೇ ಕಥೆಯಲ್ಲ. ತೆಲಂಗಾಣದಲ್ಲಿ ಎಂಬಿಬಿಎಸ್ ಸ್ಥಳೀಯ ಸೀಟು ಬೇಕಾದರೆ ಕೊನೆಯ ನಾಲ್ಕು ವರ್ಷ ಅಲ್ಲೇ ಓದಿರಬೇಕು ಎಂದು ನಿಯಮ ಮಾಡಿದರು. ಕೋಚಿಂಗಿಗೆಂದು ಹೊರಗೆ ಹೋಗಿ ಓದಿದ ಮಕ್ಕಳು ಕೋರ್ಟಿಗೆ ಹೋದರು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ಎತ್ತಿಹಿಡಿಯಿತು. ಅಲ್ಲಿಯೂ ಸರ್ಕಾರ ಸಡಿಲಿಕೆ ಒಪ್ಪಿಕೊಂಡದ್ದು ಹೊರಗೆ ಸೇವೆಯಲ್ಲಿದ್ದ ನೌಕರರು, ಅಧಿಕಾರಿಗಳು, ಸೈನಿಕರು ಇಂಥವರ ಮಕ್ಕಳಿಗೆ. ಕೂಲಿಗೆ ಹೋದವನ ಹೆಸರು ಅಲ್ಲಿಯೂ ಯಾರ ಬಾಯಲ್ಲೂ ಬರಲಿಲ್ಲ.

ಹೊರನಾಡೂ ಅಲ್ಲ, ಒಳನಾಡೂ ಅಲ್ಲ

"ಹೊರನಾಡ ಕನ್ನಡಿಗರ ಕೋಟಾ ಅಂತ ಐತಲ್ರೀ?" ಎಂದು ಬಸ್ಸಿನಲ್ಲಿ ಯಾರಾದರೂ ಕೇಳಬಹುದು. ಇದೆ. ಗಡಿನಾಡ ಕನ್ನಡಿಗರಿಗೂ ಇದೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ, ಆ ಕಡೆ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಈ ತಾಲೂಕುಗಳ ಕನ್ನಡ ಮಕ್ಕಳಿಗೆ ನಮ್ಮ ಸರ್ಕಾರ ಬಾಗಿಲು ತೆರೆದಿದೆ. ಗಡಿ ಗೆರೆ ಎಳೆದವರು ಬೇರೆ, ಅಲ್ಲಿ ಬದುಕುವವರು ಬೇರೆ ಎಂಬ ವಿವೇಕ ಅದರಲ್ಲಿದೆ. ಅವರು ಕನ್ನಡ ಪರೀಕ್ಷೆ ಬರೆದು ಪಾಸಾಗಬೇಕು. ಅದೂ ಸರಿಯೇ.

ಆದರೆ ಹೊರನಾಡ ಕಲಮು ಇರುವುದು ಹೊರಗೇ ಓದಿ, ಹೊರಗೇ ಹನ್ನೆರಡನೆತ್ತೆ ಮುಗಿಸಿದವರಿಗೆ. ಊರಿಗೆ ಮರಳಿ ಬಂದು ಇಲ್ಲಿ ಪಿಯುಸಿ ಪಾಸಾದ ಹುಡುಗ ಆ ಲೆಕ್ಕಕ್ಕೆ ಬರುವುದಿಲ್ಲ. ಮನೆಗೆ ಬಂದದ್ದೇ ಅವನ ಅಪರಾಧವಾಯಿತು. ಇನ್ನು ಆ ಕಲಮಿಗೆ ತಾಯ್ನುಡಿಯ ಷರತ್ತೂ ಇದೆ. ಕನ್ನಡ ಇದೆ, ತುಳು ಇದೆ, ಕೊಡವ ಇದೆ. ನಮ್ಮ ತಾಂಡಾಗಳ ಲಂಬಾಣಿ ಇಲ್ಲ. ಈ ಜಿಲ್ಲೆಯಿಂದ ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುವವರಲ್ಲಿ ತಾಂಡಾದವರೆಷ್ಟು ಎಂದು ಆ ಬಸ್ಸುಗಳ ಕಂಡಕ್ಟರನ್ನು ಕೇಳಿದರೆ ಹೇಳುತ್ತಾನೆ.

ಹಾಗಾದರೆ ಗೋವಾದಲ್ಲೇ ಇದ್ದು ಅಲ್ಲಿನ ಸೀಟು ಪಡೆಯಲಿ ಎನ್ನಬಹುದೇ? ಅಲ್ಲಿಯೂ ವಾಸದ ವರ್ಷ ಕೇಳುತ್ತಾರೆ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಒಂದು ರಾಜ್ಯದಲ್ಲಿ ಪರಿಶಿಷ್ಟರಾದವರು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಆ ಸವಲತ್ತು ಅಲ್ಲಿ ತಾನಾಗಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಬಂಜಾರರು ಆ ಪಟ್ಟಿಯಲ್ಲಿಲ್ಲ. ಗಡಿ ದಾಟಿದರೆ ಜಾತಿ ಕಾಗದ ಕೆಲಸಕ್ಕೆ ಬಾರದು. ಮರಳಿ ಬಂದರೆ ಶಾಲೆ ಕಾಗದ ಸಾಲದು. ಅತ್ತ ದರಿ, ಇತ್ತ ಪುಲಿ.

ನಿಯಮವೇ ಬೇಡವೇ?

ಬೇಡ ಎನ್ನುವುದು ಸುಲಭ, ಸರಿಯಲ್ಲ. ಇಲ್ಲಿನ ತೆರಿಗೆಯಿಂದ ಕಟ್ಟಿದ ಕಾಲೇಜಿನ ಸೀಟು ಇಲ್ಲಿನ ಮಕ್ಕಳಿಗೆ ಮೊದಲು ಸಿಗಬೇಕು. ಷರತ್ತಿಲ್ಲದಿದ್ದರೆ ದುಡ್ಡಿದ್ದವರು ಬಾಡಿಗೆ ಮನೆಯ ಒಂದು ಕರಾರುಪತ್ರ ತೋರಿಸಿ ಸೀಟು ಹೊಡೆದುಕೊಂಡು ಹೋಗುತ್ತಾರೆ. ಏಳು ವರ್ಷದ ಲೆಕ್ಕದಲ್ಲಿ ಇನ್ನೊಂದು ಒಳ್ಳೆಯ ಗುಣವಿದೆ. ಅದು ಹುಟ್ಟಿದ ಊರು ಕೇಳುವುದಿಲ್ಲ, ಮನೆಮಾತು ಕೇಳುವುದಿಲ್ಲ. ರಾಜಸ್ಥಾನದಿಂದ ಬಂದು ಪೇಟೆಯಲ್ಲಿ ಅಂಗಡಿ ಇಟ್ಟವರ ಮಗ ಇಲ್ಲೇ ಓದಿದರೆ ಅವನೂ ನಮ್ಮವ. ಅದು ನ್ಯಾಯ. ಯಾರೂ ತಕರಾರು ಮಾಡಬೇಕಿಲ್ಲ.

ಒಳಗಿನವ, ಹೊರಗಿನವ ಎಂಬ ಜಗಳ ಹಳೆಯದು. 1955ರಲ್ಲೇ ಇಂದೋರಿನ ಮೆಡಿಕಲ್ ಕಾಲೇಜು ಹೊರಗಿನವರಿಂದ ಮಾತ್ರ ಹೆಚ್ಚಿನ ಹಣ ತಗೊಳ್ಳುವುದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ವಾಸ ನೋಡಿ ರಿಯಾಯಿತಿ ಕೊಡುವುದು ತಪ್ಪಲ್ಲ ಎಂದು ತೀರ್ಪು ಬಂತು. ನಮ್ಮಲ್ಲೇ 1989ರ ಸರ್ಕಾರಿ ಆದೇಶದಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ವರ್ಷದ ಫೀ ಮೂರು ದರದಲ್ಲಿತ್ತು. ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000 ದಾಟದಂತೆ, ಹೊರರಾಜ್ಯದವರಿಗೆ 60,000ದವರೆಗೆ. ಉತ್ತರಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಕೋರ್ಟಿಗೆ ಹೋಗಿ, 1992ರಲ್ಲಿ ಕ್ಯಾಪಿಟೇಶನ್ ಹಣದ ವಿರುದ್ಧ ದೊಡ್ಡ ತೀರ್ಪು ಬಂದದ್ದು ಆ ಆದೇಶದ ಮೇಲೆಯೇ. ಆಮೇಲೆ 2025ರ ಜನವರಿಯಲ್ಲಿ ಮೆಡಿಕಲ್ ಸ್ನಾತಕೋತ್ತರ ಸೀಟಿಗೆ ವಾಸದ ಮೀಸಲಾತಿ ನಡೆಯದು ಎಂದು ಸುಪ್ರೀಂ ಕೋರ್ಟು ಹೇಳಿತು. ಎಂಬಿಬಿಎಸ್‌ಗೆ ಮಾತ್ರ ಒಂದು ಮಿತಿಯಲ್ಲಿ ನಡೆಯುತ್ತದೆ. ಅಲ್ಲಿಗೆ ನಿಯಮ ಇರುತ್ತದೆ. ಪ್ರಶ್ನೆ ಇರುವುದು ನಿಯಮಕ್ಕೆ ಕಣ್ಣಿದೆಯೇ ಎಂಬುದು.

ಅಮೆರಿಕಾದವರು ಕಂಡುಕೊಂಡದ್ದು

ಈ ವಿಷಯದಲ್ಲಿ ಅಮೆರಿಕಾದ ಒಂದು ಪಾಠ ಕೇಳುವಂಥದು. ಅಲ್ಲಿಯೂ ರಾಜ್ಯದ ಯುನಿವರ್ಸಿಟಿಗಳಲ್ಲಿ ಸ್ವಂತ ರಾಜ್ಯದವರಿಗೆ ಒಂದು ಫೀ, ಹೊರಗಿನವರಿಗೆ ಇನ್ನೊಂದು. ಕ್ಯಾಲಿಫೋರ್ನಿಯಾ ಯುನಿವರ್ಸಿಟಿಯಲ್ಲಿ ಹೊರಗಿನವ ಪದವಿ ಓದಲು ವರ್ಷಕ್ಕೆ 30 ಸಾವಿರ ಡಾಲರಿಗೂ ಹೆಚ್ಚು ಮೇಲುಖರ್ಚು ಕಟ್ಟಬೇಕು. ಆದರೆ ಅಲ್ಲಿ ಕೇಳುವುದು ಏಳು ವರ್ಷವಲ್ಲ. ಒಂದು ವರ್ಷದ ಮೇಲೊಂದು ದಿನ ಅಲ್ಲಿ ನೆಲೆಸಿರಬೇಕು. ಬರೀ ಓದಲಿಕ್ಕೆ ಬಂದದ್ದಲ್ಲ, ಇಲ್ಲೇ ಉಳಿಯಲಿಕ್ಕೆ ಬಂದದ್ದು ಎಂದು ಓಟರ್ ಲಿಸ್ಟು, ತೆರಿಗೆ ಕಾಗದ, ಡ್ರೈವಿಂಗ್ ಲೈಸೆನ್ಸ್ ತೋರಿಸಿ ಸಾಬೀತು ಮಾಡಬೇಕು.

ಅಲ್ಲಿನ ಕನೆಕ್ಟಿಕಟ್ ಎಂಬ ರಾಜ್ಯ ಒಮ್ಮೆ ಇನ್ನೂ ಬಿಗಿ ಮಾಡಿತ್ತು. ಅರ್ಜಿ ಹಾಕುವ ಹೊತ್ತಿಗೆ ಹೊರಗಿನವನಾಗಿದ್ದರೆ ಓದು ಮುಗಿಯುವವರೆಗೂ ಹೊರಗಿನವನೇ. ಆ ರಾಜ್ಯದವನನ್ನು ಮದುವೆಯಾಗಿ, ಅಲ್ಲೇ ಮನೆ ಮಾಡಿದ ಹೆಣ್ಣುಮಗಳಿಗೂ ಅದೇ ಮಾತು. ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 1973ರಲ್ಲಿ ಕೋರ್ಟು ಆ ನಿಯಮ ಹೊಡೆದುಹಾಕಿತು. ಫೀಯಲ್ಲಿ ಭೇದ ಮಾಡಬೇಡಿ ಎಂದು ಅದು ಹೇಳಲಿಲ್ಲ. ವರ್ಷದ ಷರತ್ತು ಬೇಡ ಎಂದೂ ಹೇಳಲಿಲ್ಲ. ತಾನು ಇಲ್ಲಿಯವಳು ಎಂದು ತೋರಿಸಲು ಒಂದು ಅವಕಾಶವನ್ನೂ ಕೊಡದೆ ಬಾಗಿಲು ಮುಚ್ಚಬೇಡಿ ಎಂದು ಹೇಳಿತು.

ನಮ್ಮ ಗೌಂಡಿ ಮನೆಯ ಹುಡುಗನಿಗೆ ಬೇಕಾದದ್ದೂ ಅಷ್ಟೇ, ಒಂದು ಅವಕಾಶ.

ಏನು ಮಾಡಬಹುದು?

ಒಂದು ಕಲಮು ಸೇರಿಸಿದರೆ ಸಾಕು. ಹುಡುಗ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಕರ್ನಾಟಕದಲ್ಲೇ ಪಾಸು ಮಾಡಿರಲಿ. ತಂದೆ ತಾಯಿ ಏಳು ವರ್ಷ ಶಾಲೆ ಕಂಡಿಲ್ಲದಿದ್ದರೆ, ಅವರ ಓದಿನ ಬದಲು ಅವರ ವಾಸ ನೋಡಲಿ. ಹಳೆಯ ಓಟರ್ ಲಿಸ್ಟಿದೆ, ರೇಷನ್ ಕಾರ್ಡಿದೆ, ಪಹಣಿ ಇದೆ, ತಹಶೀಲ್ದಾರರ ವಾಸದ ಸರ್ಟಿಫಿಕೇಟಿದೆ. ಎಸ್ಸೆಸ್ಸೆಲ್ಸಿಯಿಂದ ಪಿಯುಸಿವರೆಗೆ ಮಗನನ್ನು ಇಲ್ಲೇ ಓದಿಸಿದ ಕೂಲಿಯವ ಸೀಟು ಕದಿಯಲು ಬಂದ ಹೊರಗಿನವ ಎಂದು ಯಾರೂ ಹೇಳಲಾರರು. ಇದಕ್ಕೆ ಹೊಸ ಖರ್ಚಿಲ್ಲ, ಹೊಸ ಇಲಾಖೆ ಬೇಡ. ವಿಧಾನಸೌಧದಲ್ಲಿ ಒಂದು ಸಾಲಿನ ತಿದ್ದುಪಡಿ. ಜಿಲ್ಲೆಯ ಶಾಸಕರು ಒಮ್ಮೆ ಎದ್ದು ನಿಂತು ಕೇಳಬೇಕು.

ಆ ತಿದ್ದುಪಡಿ ಬರುವವರೆಗೆ ಸುಮ್ಮನೆ ಕೂಡಬೇಕಿಲ್ಲ. ಲೆಕ್ಕ ಗೊತ್ತಿಲ್ಲದೆ ಸೀಟು ಕಳೆದುಕೊಳ್ಳುವುದನ್ನು ತಪ್ಪಿಸಬಹುದು. ಅವ್ವನ ಓದೂ ನಡೆಯುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಅಪ್ಪ ನಾಲ್ಕನೆತ್ತೆ, ಅವ್ವ ಏಳನೆತ್ತೆ ಆಗಿದ್ದರೆ ಅವ್ವನ ಶಾಲೆಗೆ ಹೋಗಬೇಕು. ಏಳು ವರ್ಷ ಸತತವಾಗಿ ಒಂದೇ ಶಾಲೆಯಲ್ಲಿ ಆಗಬೇಕೆಂದಿಲ್ಲ. ಒಂದನೆತ್ತೆಯಿಂದ ಸೆಕೆಂಡ್ ಪಿಯುಸಿವರೆಗಿನ ಯಾವ ಏಳು ವರ್ಷವಾದರೂ ನಡೆಯುತ್ತದೆ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಎರಡರಲ್ಲೊಂದು ಇಲ್ಲಿನದಿರಬೇಕು. ಗುಳೆ ಹೋಗುವ ಮುಂಚೆ ಮಗು ಇಲ್ಲಿ ಒಂದನೆತ್ತೆ ಮುಗಿಸಿದ್ದರೆ ಆ ವರ್ಷವೂ ಲೆಕ್ಕಕ್ಕೆ ಬರುತ್ತದೆ. ಆ ಶಾಲೆಯ ಕಾಗದ ಎಸೆಯಬಾರದು.

ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಶುರುವಾಗುವುದೇ ಆರನೆತ್ತೆಯಿಂದ. ಅಲ್ಲಿ ಸೇರಿದ ಮಗುವಿಗೆ ಪಿಯುಸಿ ಮುಗಿಯುವ ಹೊತ್ತಿಗೆ ಸರಿಯಾಗಿ ಏಳು ವರ್ಷ. ದುಡಿಯಲು ಹೋಗುವವರು ಹೋಗಲಿ, ಹೊಟ್ಟೆ ಕೇಳುವುದಿಲ್ಲ. ಕೂಸು ಐದು ಮುಗಿಸಿದೊಡನೆ ಊರ ಕಡೆ ತಿರುಗಿಸುವುದು ಮರೆಯಬಾರದು. ಟಿಸಿ ಬರೆಯುವ ಹೆಡ್‌ಮಾಸ್ತರರು ಆ ಹೊತ್ತಿಗೆ ಒಂದು ಮಾತು ಹೇಳಿ ಕಳಿಸಿದರೆ ಪುಣ್ಯ ಬರುತ್ತದೆ.

ಬಸ್ ನಿಲ್ದಾಣದಲ್ಲಿ ಏನೇನೋ ಬೋರ್ಡುಗಳಿವೆ. ಕಿಸೆಗಳ್ಳರಿದ್ದಾರೆ ಎಚ್ಚರಿಕೆ, ಇಲ್ಲಿ ಉಗುಳಬೇಡಿ, ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು. ಗೋವಾ, ಪುಣೆ ಬಸ್ಸು ನಿಲ್ಲುವ ಕಡೆ ಇನ್ನೊಂದು ಬೋರ್ಡು ಹಾಕಲಿ: ನಿಮ್ಮ ಮಗುವಿಗೆ ಏಳು ವರ್ಷ ಬೇಕು. ಬಣ್ಣದ ಖರ್ಚು ಬೇಕಾದರೆ ಪೇಟೆಯ ಅಂಗಡಿಯವರೇ ಕೊಟ್ಟಾರು.

ಸಂಜೆಯ ಬಸ್ಸಿಗೆ ಗಂಟು ಮೂಟೆ ಏರುತ್ತವೆ. ಕಿಟಕಿ ಪಕ್ಕ ಕೂತ ಕೂಸು ಊರಿಗೆ ಕೈ ಬೀಸುತ್ತದೆ. ಅದು ಎಷ್ಟನೆತ್ತೆಗೆ ಮರಳುತ್ತದೆ ಎಂಬುದರ ಮೇಲೆ ಅದು ಯಾವ ಊರಿನದು ಎಂಬುದು ತೀರ್ಮಾನವಾಗುತ್ತದೆ. ಆ ಕೂಸಿಗೆ ಅದು ಗೊತ್ತಿಲ್ಲ. ಅದರ ಅಪ್ಪನಿಗಾದರೂ ಯಾರಾದರೂ ಹೇಳಿದ್ದಾರೆಯೇ?